ನೆಲದಡಿಯ ಕ್ಲೋರಿನ್ ವಿಷ: ಬ್ಯಾಕ್ಟೀರಿಯಗಳು ಬಿಡಿಸುವುದೇನು, ಉಳಿಸುವುದೇನು?

ತೊಗರಿಯ ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಹೊಡೆಯುವುದು ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ರೈತರಿಗೆ ಬಹುಕಾಲ ರೂಢಿಯಾಗಿತ್ತು. ಅದೇ ರಾಸಾಯನಿಕವನ್ನು ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಅಲ್ಲಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಮತ್ತು ನಮ್ಮ ದಕ್ಷಿಣ ಕನ್ನಡದ ಕೊಕ್ಕಡ ಸುತ್ತಮುತ್ತ ಜನರು ಅನುಭವಿಸಿದ ಯಾತನೆಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಈ ಕೀಟನಾಶಕ ಸೇರಿತು. ಅದೇ ವರ್ಷ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಅದರ ತಯಾರಿಕೆ, ಮಾರಾಟ ಹಾಗೂ ಬಳಕೆಯನ್ನು ತಡೆಯಿತು.

ಆದರೆ ಅದಾಗಲೇ ಮಣ್ಣು ನೀರುಗಳನ್ನು ಸೇರಿದ್ದ ವಿಷದ ಗತಿ ಏನಾಯಿತು? 'ಕಾಲಕ್ರಮೇಣ ಕರಗಿ ಹೋಗುತ್ತದೆ' ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಕರಗಿ ಹೋಗುವುದು ಎಂದರೆ ನಿಜಕ್ಕೂ ಏನು, ಅಣು ಎಲ್ಲಿಗೆ ಹೋಯಿತು, ಯಾವ ರೂಪ ತಾಳಿತು ಎಂದು ಕೇಳುವವರು ಕಡಿಮೆ. ಕ್ಲೋರಿನ್ ಸೇರಿದ ಸಾವಯವ ಸಂಯುಕ್ತಗಳ ವಿಷಯದಲ್ಲಿ ಈ ಪ್ರಶ್ನೆಯೇ ಮುಖ್ಯ. ಮೂಲ ವಿಷ ಕಾಣೆಯಾಗಿ, ಅದರ ಜಾಗದಲ್ಲಿ ಅಷ್ಟೇ ಕೆಟ್ಟ ಅಥವಾ ಇನ್ನೂ ಕೆಟ್ಟ ವಸ್ತು ಕೂತಿರಬಹುದು.

ಒಂದೇ ಅಣು, ಎರಡು ದಾರಿ

ಎಂಡೋಸಲ್ಫಾನ್ ಅಣುವಿನಲ್ಲಿ 9 ಕಾರ್ಬನ್, 6 ಹೈಡ್ರೊಜನ್, 6 ಕ್ಲೋರಿನ್, 3 ಆಕ್ಸಿಜನ್ ಮತ್ತು 1 ಗಂಧಕದ ಪರಮಾಣುಗಳಿವೆ. ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಆಲ್ಫಾ ಮತ್ತು ಬೀಟಾ ಎಂಬ ಎರಡು ಸಮಾಂಗಿಗಳ ಮಿಶ್ರಣ. ಅವುಗಳ ಪ್ರಮಾಣ ಸುಮಾರು 7:3. ಅಣುವಿನ ಒಂದು ಬದಿಯಲ್ಲಿ ಕ್ಲೋರಿನ್ ಪರಮಾಣುಗಳು ಗುಂಪುಗೂಡಿವೆ, ಇನ್ನೊಂದು ಬದಿಯ ಉಂಗುರದಲ್ಲಿ ಗಂಧಕವಿದೆ. ಸೂಕ್ಷ್ಮಜೀವಿಗಳ ಮೊದಲ ದಾಳಿ ನಡೆಯುವುದು ಸಾಮಾನ್ಯವಾಗಿ ಗಂಧಕದ ಬದಿಯಲ್ಲಿ.

ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಉತ್ಕರ್ಷಣ. ಗಂಧಕಕ್ಕೆ ಇನ್ನೊಂದು ಆಕ್ಸಿಜನ್ ಸೇರಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಇದು ಮೂಲ ವಸ್ತುವಿನಷ್ಟೇ ವಿಷಕಾರಿ, ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಎರಡನೆಯದು ಜಲವಿಭಜನೆ. ನೀರು ಉಂಗುರವನ್ನು ಸೀಳಿ ಗಂಧಕವನ್ನು ಹೊರಹಾಕುತ್ತದೆ, ಎಂಡೋಸಲ್ಫಾನ್ ಡಯೋಲ್ ಉಳಿಯುತ್ತದೆ. ಇದರ ವಿಷತ್ವ ಬಹಳ ಕಡಿಮೆ.

ಜಲವಿಭಜನೆಗೆ ಜೀವಿಗಳ ನೆರವು ಬೇಕೇಬೇಕೆಂದಿಲ್ಲ. ನೀರಿನ ಪಿಎಚ್ 9 ಇದ್ದರೆ ಎಂಡೋಸಲ್ಫಾನ್ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಪಿಎಚ್ 7ರಲ್ಲಿ ಅದಕ್ಕೆ 10ರಿಂದ 20 ದಿನ ಬೇಕು. ಪಿಎಚ್ 5ರಲ್ಲಿ 200 ದಿನಗಳೂ ಸಾಲವು. ಈಗ ಎರಡು ನೆಲಗಳನ್ನು ಹೋಲಿಸಿ ನೋಡಿ. ಕಾಸರಗೋಡಿನದು ಮುರಕಲ್ಲಿನ ನೆಲ, ಅಲ್ಲಿಯ ಸುರಂಗ ಮತ್ತು ಬಾವಿಗಳ ನೀರು ಆಮ್ಲೀಯ ಗುಣದ್ದು. ವಾಡಿ, ಶಹಾಬಾದ್‌ಗಳದು ಸುಣ್ಣಕಲ್ಲಿನ ನೆಲ, ನೀರು ತುಸು ಕ್ಷಾರೀಯ. ಒಂದೇ ಡಬ್ಬಿಯ ವಿಷ ಎರಡು ಕಡೆ ಬೇರೆ ಬೇರೆ ವೇಗದಲ್ಲಿ ಒಡೆಯುತ್ತದೆ. ಹಾಗೆಂದು ಸುಣ್ಣಕಲ್ಲಿನ ಸೀಮೆಯವರು ನಿಶ್ಚಿಂತರಾಗಿರಬಹುದು ಎಂದಲ್ಲ. ಗಾಳಿಯಾಡುವ ಮೇಲ್ಮಣ್ಣಿನಲ್ಲಿ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಹೆಚ್ಚಾಗಿ ಮೊದಲ ದಾರಿಯನ್ನೇ ಹಿಡಿಯುತ್ತವೆ. ವಿಷ ನೀರನ್ನು ಮುಟ್ಟುವ ಮೊದಲೇ ಅದರ ಒಂದಂಶ ಸಲ್ಫೇಟ್ ಆಗಿಬಿಟ್ಟಿರುತ್ತದೆ.

ಹತ್ತಿ ಬೆಳೆಯಲ್ಲಿ ಎಂಡೋಸಲ್ಫಾನ್ ಬಳಸುತ್ತಿದ್ದ ಆಸ್ಟ್ರೇಲಿಯದಲ್ಲಿ ವಿಜ್ಞಾನಿಗಳು ಒಂದು ಜಾಣತನದ ಪ್ರಯೋಗ ಮಾಡಿದರು. ಮಣ್ಣಿನ ಬ್ಯಾಕ್ಟೀರಿಯಗಳಿಗೆ ಬೇಕಾದ ಎಲ್ಲ ಆಹಾರವನ್ನೂ ಕೊಟ್ಟು, ಗಂಧಕವನ್ನು ಮಾತ್ರ ಎಂಡೋಸಲ್ಫಾನ್ ರೂಪದಲ್ಲಿ ಒದಗಿಸಿದರು. ಗಂಧಕವಿಲ್ಲದೆ ಪ್ರೋಟೀನ್ ಕಟ್ಟಲಾಗದು. ಆದ್ದರಿಂದ ಎಂಡೋಸಲ್ಫಾನಿನಿಂದ ಗಂಧಕವನ್ನು ಕೀಳಬಲ್ಲ ಜೀವಿಗಳು ಮಾತ್ರ ಉಳಿದು ಬೆಳೆದವು. 2000ದಲ್ಲಿ ವರದಿಯಾದ ಈ ಕೆಲಸದಿಂದ ಮೈಕೊಬ್ಯಾಕ್ಟೀರಿಯಂ ಜಾತಿಯ ಒಂದು ತಳಿ ದೊರೆಯಿತು. ಗಂಧಕ ಹೋದರೆ ಸಲ್ಫೇಟ್ ಆಗುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಇದರ ಲಾಭ.

ಇಷ್ಟಾದರೂ ಆರೂ ಕ್ಲೋರಿನ್ ಪರಮಾಣುಗಳು ಇದ್ದಲ್ಲೇ ಇರುತ್ತವೆ! ಕ್ಲೋರಿನ್ನನ್ನೇ ಕೀಳುವ ಬ್ಯಾಕ್ಟೀರಿಯಗಳು ಬೇರೆ. ಅವುಗಳಲ್ಲೊಂದು ನಮ್ಮ ದೇಶದ್ದೇ. ಆರು ಕ್ಲೋರಿನ್‌ಗಳಿರುವ ಬಿಎಚ್‌ಸಿ ಪುಡಿಯನ್ನು ಒಡೆಯುವ ಬ್ಯಾಕ್ಟೀರಿಯವನ್ನು ಕಟಕ್‌ನ ಭತ್ತದ ಬೇರಿನ ಮಣ್ಣಿನಿಂದ ಬೇರ್ಪಡಿಸಿ 1990ರಲ್ಲಿ ವರದಿ ಮಾಡಲಾಯಿತು. ಅದಕ್ಕೆ ಈಗ ಸ್ಫಿಂಗೊಬಿಯಂ ಇಂಡಿಕಮ್ ಎಂಬ ಹೆಸರಿದೆ.

ಕ್ಲೋರಿನ್ ಉಸಿರಾಡುವವರು

ಗಾಳಿಯೇ ಇಲ್ಲದ ಅಂತರ್ಜಲದ ಆಳದಲ್ಲಿ ನಡೆಯುವ ಕ್ರಿಯೆ ಇದಕ್ಕಿಂತ ವಿಚಿತ್ರ. ಅದರ ಅಧ್ಯಯನ ಹೆಚ್ಚು ನಡೆದಿರುವುದು ಕಾರ್ಖಾನೆಗಳ ದ್ರಾವಕಗಳ ಮೇಲೆ. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೊಎಥಿಲೀನ್, ಬಟ್ಟೆಗಳ ಡ್ರೈಕ್ಲೀನಿಂಗ್‌ಗೆ ಬಳಸುವ ಟೆಟ್ರಾಕ್ಲೋರೊಎಥಿಲೀನ್ ಇವುಗಳಲ್ಲಿ ಪ್ರಮುಖವಾದವು. ಎರಡು ಕಾರ್ಬನ್ ಪರಮಾಣುಗಳ ಸುತ್ತ ಮೊದಲನೆಯದರಲ್ಲಿ ಮೂರು, ಎರಡನೆಯದರಲ್ಲಿ ನಾಲ್ಕು ಕ್ಲೋರಿನ್‌ಗಳಿರುತ್ತವೆ.

ಉಸಿರಾಟ ಎಂದರೆ ಭೌತವಿಜ್ಞಾನಿಯ ದೃಷ್ಟಿಯಲ್ಲಿ ಎಲೆಕ್ಟ್ರಾನ್‌ಗಳ ಸಾಗಣೆ. ಆಹಾರದಿಂದ ಹೊರಟ ಎಲೆಕ್ಟ್ರಾನ್‌ಗಳನ್ನು ಕೊನೆಯಲ್ಲಿ ಯಾರಾದರೂ ಸ್ವೀಕರಿಸಬೇಕು. ನಮ್ಮ ದೇಹದಲ್ಲಿ ಆ ಗ್ರಾಹಿ ಆಕ್ಸಿಜನ್. ಆಕ್ಸಿಜನ್ ಮುಗಿದಾಗ ಬ್ಯಾಕ್ಟೀರಿಯಗಳು ನೈಟ್ರೇಟ್, ಕಬ್ಬಿಣ, ಸಲ್ಫೇಟ್, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತವೆ. ಇಳಿದಂತೆ ದೊರೆಯುವ ಶಕ್ತಿಯೂ ಕುಗ್ಗುತ್ತದೆ. ಕ್ಲೋರಿನ್ ಸೇರಿದ ಎಥಿಲೀನ್‌ಗಳು ಈ ಏಣಿಯಲ್ಲಿ ಸಲ್ಫೇಟ್‌ಗಿಂತ ಸಾಕಷ್ಟು ಮೇಲಿವೆ. ಹೈಡ್ರೊಜನ್ನಿನ ಎಲೆಕ್ಟ್ರಾನ್‌ಗಳನ್ನು ಅವುಗಳಿಗೆ ಕೊಟ್ಟು ಒಂದು ಕ್ಲೋರಿನ್ ಬಿಡಿಸಿದರೆ ಪ್ರತಿ ಮೋಲ್‌ಗೆ ಸುಮಾರು 130ರಿಂದ 190 ಕಿಲೊಜೌಲ್ ಶಕ್ತಿ ಸಿಗುತ್ತದೆ. ನಮಗೆ ವಿಷವಾದದ್ದು ಅವುಗಳಿಗೆ ಆಕ್ಸಿಜನ್ ಇದ್ದಂತೆ.

1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಟೆಟ್ರಾಕ್ಲೋರೊಎಥಿಲೀನಿನ ಎಲ್ಲ ಕ್ಲೋರಿನ್‌ಗಳನ್ನೂ ತೆಗೆಯಬಲ್ಲ ಒಂದು ಬ್ಯಾಕ್ಟೀರಿಯವನ್ನು ವರದಿ ಮಾಡಿದರು. ಅದು ಸಿಕ್ಕಿದ್ದು ಚರಂಡಿ ನೀರಿನ ಶುದ್ಧೀಕರಣ ಘಟಕದ ಕೆಸರಿನಿಂದ. ಡೀಹ್ಯಾಲೊಕಾಕಾಯ್ಡಿಸ್ ಎಂಬ ಕುಲನಾಮದ ಈ ಜೀವಿ ಅರ್ಧ ಮೈಕ್ರೊಮೀಟರ್ ವ್ಯಾಸದ ಪುಟ್ಟ ಬಿಲ್ಲೆ. ಅದರ ಜೀನೋಮ್‌ನಲ್ಲಿ ಇರುವುದು ಸುಮಾರು 14.7 ಲಕ್ಷ ಜೋಡಿ ಅಕ್ಷರಗಳು, ಇ. ಕೋಲಿಯ ಮೂರನೆಯ ಒಂದು ಭಾಗದಷ್ಟು. ಹೈಡ್ರೊಜನ್ ಮತ್ತು ಹ್ಯಾಲೊಜನ್ ಸೇರಿದ ಸಂಯುಕ್ತ ಇವೆರಡಿಲ್ಲದೆ ಅದು ಬದುಕಲಾರದು. ಅದರ ಕಿಣ್ವದ ನಡುವೆ ಕೋಬಾಲ್ಟ್ ಇರುವ ಬಿ12 ವಿಟಮಿನ್ ಬೇಕು, ಆದರೆ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಅಕ್ಕಪಕ್ಕದ ಬ್ಯಾಕ್ಟೀರಿಯಗಳಿಂದ ಪಡೆಯಬೇಕು. ಆದ್ದರಿಂದ 'ವಿಷ ತಿನ್ನುವ ಒಂದು ಬ್ಯಾಕ್ಟೀರಿಯ' ಎಂಬ ಪತ್ರಿಕಾ ಶೀರ್ಷಿಕೆಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ಕೆಲಸ ಮಾಡುವುದು ಒಂದು ಸಮುದಾಯ.

ನಡುದಾರಿಯಲ್ಲಿ ನಿಂತರೆ

ನಾಲ್ಕು ಕ್ಲೋರಿನ್‌ಗಳು ಒಂದೊಂದಾಗಿ ಕಳಚುತ್ತವೆ. ಟೆಟ್ರಾಕ್ಲೋರೊಎಥಿಲೀನ್ ಮೊದಲು ಟ್ರೈಕ್ಲೋರೊಎಥಿಲೀನ್ ಆಗುತ್ತದೆ, ಅನಂತರ ಡೈಕ್ಲೋರೊಎಥಿಲೀನ್, ಆಮೇಲೆ ಒಂದೇ ಕ್ಲೋರಿನ್ ಉಳಿದ ವಿನೈಲ್ ಕ್ಲೋರೈಡ್. ಕೊನೆಯದೂ ಹೋದರೆ ಉಳಿಯುವುದು ಎಥಿಲೀನ್, ಅಂದರೆ ಬಾಳೆಕಾಯಿಯನ್ನು ಹಣ್ಣಾಗಿಸುವ ನಿರಪಾಯದ ಅನಿಲ.

ತೊಡಕಿರುವುದು ಕೊನೆಯ ಎರಡು ಮೆಟ್ಟಿಲುಗಳಲ್ಲಿ. ಮೊದಲ ಮೆಟ್ಟಿಲುಗಳನ್ನು ಇಳಿಸಬಲ್ಲ ಬ್ಯಾಕ್ಟೀರಿಯಗಳು ಹಲವಿವೆ. ವಿನೈಲ್ ಕ್ಲೋರೈಡನ್ನೇ ಉಸಿರಾಡಿ ಬೆಳೆಯುವವು ವಿರಳ. 1997ರ ತಳಿ ಕೂಡ ಕೊನೆಯ ಮೆಟ್ಟಿಲಿನಿಂದ ಶಕ್ತಿ ಪಡೆಯುವುದಿಲ್ಲ, ಹೀಗಾಗಿ ಅಲ್ಲಿ ಕೆಲಸ ನಿಧಾನ. ಶಕ್ತಿಯನ್ನೂ ಪಡೆಯುವ ತಳಿ 2003ರಲ್ಲಷ್ಟೇ ವರದಿಯಾಯಿತು. ವಿನೈಲ್ ಕ್ಲೋರೈಡ್ ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿದೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಟ್ರೈಕ್ಲೋರೊಎಥಿಲೀನಿನ ಮಿತಿ ಲೀಟರಿಗೆ 5 ಮೈಕ್ರೊಗ್ರಾಮ್, ವಿನೈಲ್ ಕ್ಲೋರೈಡಿನದು 2 ಮೈಕ್ರೊಗ್ರಾಮ್. ಮೂಲ ವಿಷ ಪೂರ್ತಿ ಮಾಯವಾದ ಬಾವಿ ಮೊದಲಿಗಿಂತ ಅಪಾಯಕಾರಿಯಾಗಿರಬಹುದು ಎಂಬುದು ಈ ಕಾರಣದಿಂದಲೇ.

ಟೆಕ್ಸಾಸ್‌ನ ಕೆಲ್ಲಿ ವಾಯುನೆಲೆಯಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಅಂತರ್ಜಲಕ್ಕೆ ಮೆಥನಾಲ್ ಮತ್ತು ಅಸಿಟೇಟ್ ಆಹಾರ ಕೊಟ್ಟಾಗ ಟೆಟ್ರಾಕ್ಲೋರೊಎಥಿಲೀನ್ ಕರಗಿತಾದರೂ ಕ್ರಿಯೆ ಡೈಕ್ಲೋರೊಎಥಿಲೀನಿನಲ್ಲೇ ನಿಂತಿತು. ಡೀಹ್ಯಾಲೊಕಾಕಾಯ್ಡಿಸ್ ಇರುವ ಸಂವರ್ಧನವನ್ನು ಸೇರಿಸಿದ ಮೇಲೆ ಎಥಿಲೀನ್ ಕಾಣಿಸಿಕೊಂಡಿತು. 200 ದಿನಗಳ ಹೊತ್ತಿಗೆ ಎರಡು, ಮೂರು, ನಾಲ್ಕು ಕ್ಲೋರಿನ್‌ಗಳ ರೂಪಗಳೆಲ್ಲ 5 ಮೈಕ್ರೊಗ್ರಾಮ್‌ಗಿಂತ ಕೆಳಗಿಳಿದವು.

ಆಹಾರವನ್ನು ಒಮ್ಮೆಲೇ ಸುರಿಯುವುದೂ ತಪ್ಪು. ಹೈಡ್ರೊಜನ್ ಹೆಚ್ಚಾದರೆ ಗೋಬರ್ ಗ್ಯಾಸಿನ ಮೀಥೇನ್ ತಯಾರಿಸುವ ಜೀವಿಗಳು ಅದನ್ನು ಕಬಳಿಸುತ್ತವೆ. ಕ್ಲೋರಿನ್ ಕೀಳುವ ಬ್ಯಾಕ್ಟೀರಿಯಗಳಿಗೆ ಅದಕ್ಕಿಂತ ಹಲವು ಪಟ್ಟು ಕಡಿಮೆ ಹೈಡ್ರೊಜನ್ ಸಾಕು. ಆದ್ದರಿಂದ ನಿಧಾನವಾಗಿ ಹುದುಗುವ ಸಸ್ಯದ ಎಣ್ಣೆಯಂಥ ಆಹಾರ ಒಳ್ಳೆಯದು. ಕಾಕಂಬಿಯನ್ನೂ ಬಳಸುತ್ತಾರೆ, ಆದರೆ ಅದು ಬೇಗ ಹುದುಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಕೊಡಬೇಕಾಗುತ್ತದೆ.

ಶಹಾಬಾದ್ ಕಲ್ಲಿನ ನೆಲದಲ್ಲಾದರೆ

ಇಂಥ ದ್ರಾವಕ ವಾಡಿಯ ನೆಲಕ್ಕೆ ಚೆಲ್ಲಿದರೆ ಏನಾದೀತು? ಇಲ್ಲಿಯ ಬಾವಿಗಳಲ್ಲಿ ಅದು ಇದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ನೆಲದ ಗುಣ ತಿಳಿಯಲು ಈ ಲೆಕ್ಕ ಉಪಯುಕ್ತ, ವಿದ್ಯಾರ್ಥಿಗಳೂ ಮಾಡಿ ನೋಡಬಹುದು.

ಟ್ರೈಕ್ಲೋರೊಎಥಿಲೀನಿನ ಸಾಂದ್ರತೆ ನೀರಿನ 1.46 ಪಟ್ಟು. ಹಾಗಾಗಿ ಡೀಸೆಲ್ಲಿನಂತೆ ನೀರಿನ ಮೇಲೆ ತೇಲದೆ ತಳಕ್ಕಿಳಿಯುತ್ತದೆ. ನೀರು ತುಂಬಿದ ಬಿರುಕಿನೊಳಗೆ ನುಗ್ಗಬೇಕಾದರೆ ಮೇಲ್ಮೈ ಕರ್ಷಣವನ್ನು ಮೀರುವ ಒತ್ತಡ ಬೇಕು. ನೀರು ಮತ್ತು ದ್ರಾವಕದ ನಡುವಿನ ಕರ್ಷಣವನ್ನು ಮೀಟರಿಗೆ 0.035 ನ್ಯೂಟನ್ ಎಂದಿಟ್ಟುಕೊಳ್ಳೋಣ. 0.1 ಮಿಲಿಮೀಟರ್ ಅಗಲದ ಬಿರುಕಿಗೆ 700 ಪಾಸ್ಕಲ್ ಒತ್ತಡ ಸಾಕು. 15 ಸೆಂಟಿಮೀಟರ್ ಎತ್ತರ ನಿಂತ ದ್ರಾವಕ ಅಷ್ಟು ಒತ್ತಡ ಕೊಡುತ್ತದೆ. ಒಂದು ಮೈಕ್ರೊಮೀಟರ್ ರಂಧ್ರಗಳ ತೇವದ ಜೇಡಿಯೊಳಗೆ ಹೋಗಲು ಮಾತ್ರ ಹದಿನೈದು ಮೀಟರಿಗೂ ಹೆಚ್ಚಿನ ಎತ್ತರ ಬೇಕಾದೀತು. ಅಂದರೆ ನಮ್ಮ ಎರೆಮಣ್ಣು ಒಳ್ಳೆಯ ಕಾವಲು, ಮಳೆಗಾಲದಲ್ಲಿ! ಬೇಸಿಗೆಯಲ್ಲಿ ಅದೇ ಎರೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಕೆಳಗಿರುವುದು ಪದರ ಪದರವಾಗಿ ಏಳುವ, ನಡುನಡುವೆ ಸೀಳು ಮತ್ತು ಪೊಟರೆಗಳಿರುವ ಸುಣ್ಣಕಲ್ಲು. ನೀರು ಹರಿಯುವುದೇ ಆ ಸೀಳುಗಳಲ್ಲಿ.

ಒಂದೇ ಲೀಟರ್ ದ್ರಾವಕ, ಅಂದರೆ 1,460 ಗ್ರಾಮ್, ಲೀಟರಿಗೆ 5 ಮೈಕ್ರೊಗ್ರಾಮಿನ ಮಿತಿಯಂತೆ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲುದು.

ಸುಣ್ಣಕಲ್ಲಿನಿಂದ ಒಂದು ಅನುಕೂಲವೂ ಇದೆ. ಪ್ರತಿ ಕ್ಲೋರಿನ್ ಕಳಚಿದಾಗಲೂ ಹೈಡ್ರೊಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಡೀಹ್ಯಾಲೊಕಾಕಾಯ್ಡಿಸ್ ಸೊರಗುತ್ತದೆ. ಶಹಾಬಾದ್ ಕಲ್ಲಿನ ಮೇಲೆ ಆಮ್ಲದ ಹನಿ ಹಾಕಿದರೆ ನೊರೆಯೇಳುವುದನ್ನು ಶಾಲೆಯಲ್ಲಿ ತೋರಿಸುತ್ತೇವಲ್ಲ, ಅದೇ ಕ್ರಿಯೆ ನೆಲದಡಿಯಲ್ಲಿ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಮುರಕಲ್ಲಿನ ನೆಲಕ್ಕೆ ಈ ಸೌಲಭ್ಯವಿಲ್ಲ.

ಒಡೆಯಿತೋ, ತೆಳುವಾಯಿತೋ?

ಮಳೆಗಾಲದ ನಂತರ ಬಾವಿಯಲ್ಲಿ ವಿಷದ ಪ್ರಮಾಣ ಇಳಿದರೆ ಅದು ಬ್ಯಾಕ್ಟೀರಿಯಗಳ ಕೆಲಸವೋ, ಹೊಸ ನೀರು ಬೆರೆತ ಫಲವೋ? ಇದನ್ನು ಕಂಡುಹಿಡಿಯುವ ವಿಧಾನ ನಮ್ಮ ಭೌತವಿಜ್ಞಾನದಿಂದಲೇ ಬಂದಿದೆ. ನಿಸರ್ಗದ ಕಾರ್ಬನ್ನಿನಲ್ಲಿ ಶೇಕಡಾ 1.1ರಷ್ಟು ಕಾರ್ಬನ್-13 ಇರುತ್ತದೆ. ಕಾರ್ಬನ್ ಮತ್ತು ಕ್ಲೋರಿನ್ ನಡುವಿನ ಬಂಧವನ್ನು ಸ್ಪ್ರಿಂಗ್ ಎಂದು ಭಾವಿಸಿ ಕಂಪನಾಂಕ ಲೆಕ್ಕಹಾಕಿದರೆ, ಕಾರ್ಬನ್-13 ಇರುವಲ್ಲಿ ಅದು ಸುಮಾರು ಶೇಕಡಾ 3ರಷ್ಟು ಕಡಿಮೆ ಬರುತ್ತದೆ. ಕಂಪನಾಂಕ ಕಡಿಮೆಯಾದರೆ ಕ್ವಾಂಟಮ್ ಸಿದ್ಧಾಂತದ ಶೂನ್ಯಬಿಂದು ಶಕ್ತಿಯೂ ಕಡಿಮೆ. ಆ ಬಂಧ ಶಕ್ತಿಯ ಕುಳಿಯಲ್ಲಿ ತುಸು ಆಳದಲ್ಲಿ ಕುಳಿತಿರುತ್ತದೆ, ಮುರಿಯಲು ಹೆಚ್ಚು ಶಕ್ತಿ ಬೇಕು. ಬ್ಯಾಕ್ಟೀರಿಯದ ಕಿಣ್ವ ಹಗುರ ಅಣುಗಳನ್ನು ಬೇಗ ಒಡೆಯುವುದರಿಂದ ಉಳಿದ ವಿಷದಲ್ಲಿ ಕಾರ್ಬನ್-13ರ ಪಾಲು ಏರುತ್ತಾ ಹೋಗುತ್ತದೆ. ಬರಿಯ ನೀರು ಬೆರೆತರೆ ಈ ಪಾಲು ಬದಲಾಗುವುದಿಲ್ಲ. ದ್ರವ್ಯರಾಶಿ ರೋಹಿತಮಾಪಕದಿಂದ ಇದನ್ನು ಅಳೆಯುತ್ತಾರೆ.

ಇಂಥ ಉಪಕರಣ ಎಲ್ಲೆಡೆ ಸಿಗದು. ಯಾವುದನ್ನು ಅಳೆಯಬೇಕೆಂಬ ವಿವೇಕ ಮಾತ್ರ ಸಾಮಾನ್ಯ ಪರೀಕ್ಷೆಯಲ್ಲೂ ಇರಬೇಕು. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕದಲ್ಲಿ ಎಂಡೋಸಲ್ಫಾನಿನ ಮಿತಿ ಲೀಟರಿಗೆ 0.4 ಮೈಕ್ರೊಗ್ರಾಮ್, ಅದರಲ್ಲಿ ಆಲ್ಫಾ, ಬೀಟಾಗಳ ಜೊತೆ ಸಲ್ಫೇಟನ್ನೂ ಸೇರಿಸಿರುವುದು ಸರಿಯಾಗಿಯೇ ಇದೆ. ಪ್ರಯೋಗಶಾಲೆಯ ವರದಿಯಲ್ಲಿ ಸಲ್ಫೇಟಿನ ಸಾಲು ಇಲ್ಲದಿದ್ದರೆ ಕೇಳಿ ಪಡೆಯಬೇಕು. (ನೀರಿನ ಗಡಸುತನದ ಜೊತೆ ಅಳೆಯುವ ಮಾಮೂಲಿ ಸಲ್ಫೇಟ್ ಬೇರೆ, ಇದು ಬೇರೆ.) ದ್ರಾವಕಗಳ ಪರೀಕ್ಷೆಗಾದರೆ ಮಾದರಿ ತೆಗೆಯುವಾಗಲೇ ಎಚ್ಚರ ಬೇಕು. ವಿನೈಲ್ ಕ್ಲೋರೈಡಿನ ಕುದಿಬಿಂದು ಮೈನಸ್ 13 ಡಿಗ್ರಿ ಸೆಲ್ಸಿಯಸ್. ಅರ್ಧ ತುಂಬಿದ ಬಾಟಲಿಯಲ್ಲಿ ಅದು ನೀರನ್ನು ಬಿಟ್ಟು ಮೇಲಿನ ಗಾಳಿಗೆ ಸೇರಿಕೊಂಡು, ಮುಚ್ಚಳ ತೆಗೆದ ಕೂಡಲೇ ಹಾರಿಹೋಗುತ್ತದೆ. ಆದ್ದರಿಂದ ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ಕಂಠಪೂರ್ತಿ ತುಂಬಿ, ಮುಚ್ಚಿ, ತಣ್ಣಗಿಟ್ಟು ಒಯ್ಯಬೇಕು.