ಬಂದು ಹೋಗುವ ಕರೆಂಟು: ಹಳೇ ಕಾರಿನವರ ತಪ್ಪು ಕಲ್ಪನೆಗಳು

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಪ್ರೀಮಿಯರ್ ಪದ್ಮಿನಿಯದು ಅದಕ್ಕೂ ಮೊದಲು. ಇವನ್ನು ಇನ್ನೂ ಓಡಿಸುವವರನ್ನು ಕಾಡುವುದು ಪೂರ್ತಿ ಸತ್ತ ವೈರಲ್ಲ. ಚಿಕ್ಕಬಳ್ಳಾಪುರ ಬಿಡುವಾಗ ಸರಿಯಿದ್ದು, ನಂದಿಬೆಟ್ಟದ ತಿರುವಿನಲ್ಲಿ ಕೈಕೊಟ್ಟು, ಮೆಕ್ಯಾನಿಕ್ ಮುಂದೆ ನಿಲ್ಲಿಸಿದ ತಕ್ಷಣ ಮತ್ತೆ ಸರಿಹೋಗುವ ಹಾರನ್ನು, ಲೈಟು.

“ಬ್ಯಾಟರಿ ವೀಕು, ಹೊಸದು ಹಾಕ್ಸಿ.”

ವೀಕಾದ ಬ್ಯಾಟರಿ ಎಲ್ಲವನ್ನೂ ಒಟ್ಟಿಗೇ ಮಂಕು ಮಾಡುತ್ತದೆ. ಒಂದು ಹಂಪ್ ಹಾರಿದಾಗ ಆರಿ ಇನ್ನೊಂದಕ್ಕೆ ಹತ್ತುವ ಲೈಟಿನ ತಪ್ಪು ಸಡಿಲ ಜೋಡಣೆಯದು. ಮೊದಲು ಅರ್ತ್ ನೋಡಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇರಲೇಬೇಕು. ಅದು ಹರಿದರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ ಹಿಡಿದು ಹರಿಯುತ್ತದೆ. ಕೇಬಲ್ ಕಾದು ಹೊಗೆಯಾಡುವುದೂ ಉಂಟು. ಆಸೆಪಟ್ಟು ಹೊಸ ಪೇಂಟ್ ಹೊಡೆಸಿ, ಅದರ ಮೇಲೇ ಅರ್ತ್ ಬೋಲ್ಟ್ ಬಿಗಿದವರ ಕಾರಿಗೆ ಈ ಕಾಟ ಹೆಚ್ಚು.

“ಮೀಟರು 12 ವೋಲ್ಟ್ ತೋರಿಸಿತು, ವೈರು ಸರಿಯಿದೆ.”

ಜಾಣರೂ ಮೋಸಹೋಗುವುದು ಇಲ್ಲೇ. ಮೀಟರು ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟನ್ನೇ ತೋರಿಸುತ್ತದೆ. ಕೆಲಸ ಹೇರಿದಾಗ ಬಣ್ಣ ಬಯಲು. ಕಿಲುಬು ಹಿಡಿದ ಒಂದು ಜಾಯಿಂಟಿನಲ್ಲಿ ಅರ್ಧ ಓಮ್ ತಡೆ ಇದೆ ಅನ್ನಿ. 60 ವಾಟಿನ ಹೆಡ್‌ಲೈಟು ಹಾಕಿದರೆ ಅಲ್ಲೇ ಸುಮಾರು ಎರಡು ವೋಲ್ಟ್ ನುಂಗಿಹೋಗುತ್ತದೆ, ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಲೈಟು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಬಲ್ಬಿನ ಪ್ಲಸ್ಸಿಗೂ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ತಪ್ಪು ಆ ದಾರಿಯಲ್ಲಿದೆ. ಕಡ್ಡಿಯನ್ನು ಜಾಯಿಂಟಿನಿಂದ ಜಾಯಿಂಟಿಗೆ ಸರಿಸುತ್ತಾ ಹೋದರೆ ಸಿಕ್ಕಿಬೀಳುತ್ತದೆ. ಮೈನಸ್ ಕಡೆಗೂ ಇದೇ ಪರೀಕ್ಷೆ. ತಿರುವಿನಲ್ಲಿ ಮಾತ್ರ ಸುಮ್ಮನಾಗುವ ಹಾರನ್ನಿಗೆ, ಬಟನ್ ಒತ್ತಿಕೊಂಡೇ ಸ್ಟಿಯರಿಂಗ್ ತಿರುಗಿಸಿ ನೋಡಬೇಕು. ಹಳೇ ಬ್ರಿಟಿಷ್ ಮಾದರಿಯಲ್ಲಿ ಹಾರನ್ನಿಗೆ ಅರ್ತ್ ಕೊಡುವುದೇ ಆ ಬಟನ್ನು, ಸ್ಟಿಯರಿಂಗ್ ಕಂಬದ ಮೂಲಕ.

“ಫ್ಯೂಸ್ ಪದೇ ಪದೇ ಹೋಗುತ್ತೆ, ದಪ್ಪದ್ದು ಹಾಕಿ.”

ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರಿಗೆ ಹೇಳಿ ಪ್ರಯೋಜನವಿಲ್ಲ. ಉಳಿದವರಿಗೆ ಒಂದು ಸಂಗತಿ: ಹಳೇ ಲೂಕಾಸ್ ಗಾಜಿನ ಫ್ಯೂಸಿನ ಮೇಲಿನ 35 ಎಂಬುದು ಅದು ಸುಟ್ಟುಹೋಗುವ ಅಂಕಿ, ಸದಾ ತಾಳುವುದು ಸುಮಾರು 17 ಆಂಪಿಯರ್ ಮಾತ್ರ. ಅಲ್ಲಿ ಈಗಿನ 35ರ ಫ್ಯೂಸ್ ಹಾಕಿದರೆ, ಫ್ಯೂಸಿಗೆ ಮೊದಲು ವೈರೇ ಸುಡುತ್ತದೆ.

“ಓವರ್‌ಡ್ರೈವ್ ಹಿಡಿಯುತ್ತಿಲ್ಲ, ಗೇರ್‌ಬಾಕ್ಸ್ ಹೋಯ್ತು.”

ಅಂಬಾಸಿಡರಿಗೆ ಈ ಚಿಂತೆಯಿಲ್ಲ. ಎಂಜಿಬಿ, ಟ್ರಯಂಫ್‌ನಂಥ ಕಾರುಗಳ ಲೇಕಾಕ್ ಓವರ್‌ಡ್ರೈವನ್ನು ಚಾಲೂ ಮಾಡುವುದು ಒಂದು ಸೊಲೆನಾಯ್ಡ್. ಮೇಲಿನ ಗೇರುಗಳಲ್ಲಷ್ಟೇ ಅದಕ್ಕೆ ಕರೆಂಟು ಬಿಡುವ ಸ್ವಿಚ್ಚು ಗೇರ್‌ಬಾಕ್ಸ್ ಮೇಲಿರುತ್ತದೆ. ಕೆಲವು ಮಾದರಿಗಳಲ್ಲಿ ಬಟನ್ನು ಗೇರ್ ಲಿವರಿನ ತಲೆಯಲ್ಲೇ ಇದ್ದು, ಪ್ರತಿ ಗೇರಿಗೂ ಬಾಗುವ ತಂತಿ ಹೊದಿಕೆಯೊಳಗೇ ತುಂಡಾಗುತ್ತದೆ. ಕಾರು ಕಾದಮೇಲೆ ಮಾತ್ರ ಕೈಕೊಟ್ಟರೆ ಸೊಲೆನಾಯ್ಡಿನ ಮೇಲೂ ಅನುಮಾನವಿರಲಿ: 60 ಡಿಗ್ರಿ ಬಿಸಿ ಏರಿದರೆ ತಾಮ್ರದ ಸುರುಳಿಯ ತಡೆ ಕಾಲುಭಾಗದಷ್ಟು ಹೆಚ್ಚಿ, ಎಳೆಯುವ ಬಲ ಕುಗ್ಗುತ್ತದೆ. ಎಂಜಿನ್ ಆಫ್ ಇರುವಾಗ ಅದಕ್ಕೆ ನೇರ 12 ವೋಲ್ಟ್ ಕೊಟ್ಟು ‘ಟಕ್’ ಸದ್ದು ಕೇಳಿ, ಗೇರ್ ಆಯಿಲ್ ಮಟ್ಟ ನೋಡಿ; ಗೇರ್‌ಬಾಕ್ಸ್ ಇಳಿಸುವ ಮಾತು ಆಮೇಲೆ.

“ವೈರು ಅಲ್ಲಾಡಿಸಿದೆ, ಸರಿಹೋಯ್ತು.”

ಇದು ರಿಪೇರಿಯಲ್ಲ, ಸಾಕ್ಷಿ ನಾಶ. ಮುಂದಿನ ಸಲ ಕೈಕೊಟ್ಟಾಗ ಗಾಡಿಯನ್ನು ಬದಿಗೆ ಹಾಕಿ, ಏನನ್ನೂ ಮುಟ್ಟುವ ಮೊದಲು ಮೀಟರು ಹಚ್ಚಿ.