ದೀಪಾವಳಿ ಕಳೆದ ಮೇಲೂ ಹಸುವಿಗೆ ಹಸಿರು ಹುಲ್ಲು



ಡಿಸೆಂಬರ್ ತಿಂಗಳಲ್ಲಿ ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಸಂಘಗಳಿಗೆ ಹೋದಾಗ ನಮಗೆ ಹೆಚ್ಚಾಗಿ ಕೇಳಿಬರುವ ಮಾತು, "ಸಾರ್, ಹಸು ಹಾಲು ಇಳಿಸಿಬಿಟ್ಟಿದೆ, ಟಾನಿಕ್ ಏನಾದರೂ ಕೊಡಿ" ಎಂಬುದು. ಪರೀಕ್ಷೆ ಮಾಡಿದರೆ ಎಷ್ಟೋ ಹಸುಗಳಿಗೆ ಕಾಯಿಲೆಯೇ ಇರುವುದಿಲ್ಲ. ಬಯಲಿನ ಹುಲ್ಲು ಮುಗಿದಿರುತ್ತದೆ, ಗೊಂತಿನಲ್ಲಿ ರಾಗಿ ಹುಲ್ಲು ಮಾತ್ರ ಇರುತ್ತದೆ. ಈ ಕೊರತೆಯನ್ನು ತುಂಬುವ ಕೆಲಸ ಸೆಪ್ಟೆಂಬರಿನಲ್ಲೇ ಆಗಬೇಕು.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹುಲ್ಲು ಸೊಂಪಾಗಿ ಬೆಳೆಯುವುದೂ ಆಗಲೇ. ಆದರೆ ಆ ದಿನಗಳಲ್ಲಿ ದನಗಳು ಇರುವ ಜಾಗವನ್ನೆಲ್ಲಾ ದಿನವೂ ಮೇಯುತ್ತವೆ. ಹುಲ್ಲು ಮತ್ತೆ ಚಿಗುರಲು ಬೇಕಾದ ಶಕ್ತಿ ಉಳಿದ ಎಲೆಯಿಂದ ಮತ್ತು ಬುಡದ ಸಂಗ್ರಹದಿಂದ ಬರುತ್ತದೆ. ನೆಲಕ್ಕೆ ಹತ್ತಿರ ಮೇಯಿಸಿದರೆ ಬೇರು ಸೊರಗುತ್ತದೆ. ಮಳೆ ನಿಂತ ವಾರದಲ್ಲೇ ಬಯಲು ಬೋಳಾಗುತ್ತದೆ.

ಚಳಿ ದೇಶಗಳ ರೈತರು ಚಳಿಗಾಲಕ್ಕೆ ಮೊದಲು ಹುಲ್ಲುಗಾವಲಿನ ಒಂದು ಭಾಗವನ್ನು ಮುಚ್ಚಿಟ್ಟು, ಬೆಳೆದ ಹುಲ್ಲನ್ನು ಆಮೇಲೆ ಮೇಯಿಸುತ್ತಾರೆ. ಅಲ್ಲಿ ಬೆಳವಣಿಗೆ ನಿಲ್ಲಿಸುವುದು ಚಳಿ. ನಮ್ಮಲ್ಲಿ ನೀರಿನ ಅಭಾವ. ಆ ಕ್ರಮವನ್ನು ನಾವೂ ಅನುಸರಿಸಬಹುದು, ಆದರೆ ಒಂದು ಎಚ್ಚರಿಕೆ ಬೇಕು. ನಮ್ಮ ಹುಲ್ಲು ಹೂ ಬಿಟ್ಟ ಮೇಲೆ ಬೇಗ ಬಲಿತು ಕಡ್ಡಿಯಾಗುತ್ತದೆ. ಎಲೆ ಹಂತದಲ್ಲಿ ಒಣ ತೂಕದ ಶೇ. 8-10ರಷ್ಟಿರುವ ಸಸಾರಜನಕ, ಬಲಿತ ಮೇಲೆ ಶೇ. 3-4ಕ್ಕೆ ಇಳಿಯಬಹುದು. ಆದ್ದರಿಂದ ಜೂನ್‌ನಲ್ಲೇ ಮುಚ್ಚಿಟ್ಟರೆ ಪ್ರಯೋಜನ ಕಡಿಮೆ.

ಅನುಸರಿಸಬೇಕಾದ ಕ್ರಮ:

1) ಹೊಲದ ಅಂಚು, ಬೀಳು ಜಮೀನು, ಮಾವಿನ ತೋಪು ಇವುಗಳಲ್ಲಿ ಅರ್ಧ ಎಕರೆಯಷ್ಟನ್ನು ಆರಿಸಿಕೊಳ್ಳಿ. ಸೆಪ್ಟೆಂಬರ್ ಮಧ್ಯದಲ್ಲಿ, ಉತ್ತರೆ ಮಳೆ ಹಿಡಿಯುವ ವೇಳೆಗೆ, ಅಲ್ಲಿನ ಹುಲ್ಲನ್ನು ನಾಲ್ಕು ಬೆರಳು ಎತ್ತರ ಉಳಿಯುವಂತೆ ಮೇಯಿಸಿ ಅಥವಾ ಕೊಯ್ದು, ಮುಳ್ಳುಬೇಲಿ ಹಾಕಿ ಮುಚ್ಚಿ.

2) ನೆಲ ಹಸಿಯಾಗಿರುವಾಗ ಅರ್ಧ ಎಕರೆಗೆ 10 ಕೆ.ಜಿ. ಯೂರಿಯಾ ಎರಚಿ. ಉಳಿದ ಚೀಲವನ್ನು ದನಗಳಿಗೆ ಸಿಗದಂತೆ ಇಡಿ. ಯೂರಿಯಾ ತಿಂದ ಹಸು ಸಾಯುವ ಸಂಭವವಿದೆ.

3) ಸ್ವಾತಿ ಮಳೆ ಮುಗಿಯುವವರೆಗೆ, ಅಂದರೆ ನವೆಂಬರ್ ಮೊದಲ ವಾರದವರೆಗೆ, ದನ ಬಿಡಬೇಡಿ. ಹುಲ್ಲು ಅದಕ್ಕೂ ಮೊದಲೇ ಎಲ್ಲೆಡೆ ಹೂ ಬಿಟ್ಟರೆ ಕಾಯಬೇಡಿ, ಆಗಲೇ ಮೇಯಿಸಲು ಶುರುಮಾಡಿ.

4) ಒಂದೇ ಸಲ ಬಿಟ್ಟರೆ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು. ಗೂಟ ಹೊಡೆದು ಎಂಟು ಅಡಿ ಹಗ್ಗದಲ್ಲಿ ಕಟ್ಟಿ, ದಿನವೂ ಗೂಟ ಬದಲಾಯಿಸಿ.

5) ಮುಂದಿನ ವರ್ಷಕ್ಕಾಗಿ ಈ ಜಾಗಕ್ಕೆ ಸ್ಟೈಲೋ ಹಮಾಟ ಬೀಜ ಸೇರಿಸಿ. ಇದು ಕೆಂಪು ಮಣ್ಣಿಗೆ ಒಗ್ಗುವ ದ್ವಿದಳ ಮೇವು. ಹುಲ್ಲು ಬಲಿತಾಗಲೂ ಸಸಾರಜನಕ ಒದಗಿಸುತ್ತದೆ.

ಎಷ್ಟು ದಿನಕ್ಕೆ ಸಾಕಾಗುತ್ತದೆಂದು ನೀವೇ ಲೆಕ್ಕ ಹಾಕಬಹುದು. ಒಂದು ಮೀಟರ್ ಉದ್ದಗಲದ ಚೌಕದಲ್ಲಿ ಹುಲ್ಲು ಕೊಯ್ದು ತೂಗಿ. ಮುಕ್ಕಾಲು ಕೆ.ಜಿ. ಬಂದರೆ ಅರ್ಧ ಎಕರೆಗೆ ಸುಮಾರು ಒಂದೂವರೆ ಟನ್ ಆಯಿತು. ಎರಡು ಹಸುಗಳಿಗೆ ದಿನಕ್ಕೆ 15 ಕೆ.ಜಿ.ಯಂತೆ ಅದು 50 ದಿನದ ಮೇವು. ತುಳಿತಕ್ಕೆ ಸಿಕ್ಕಿದ್ದು ಕಳೆದರೂ 40 ದಿನ ನಡೆಯುತ್ತದೆ. ಅಷ್ಟರಲ್ಲಿ ರಾಗಿ ಕೊಯ್ಲಾಗಿ ಹೊಸ ಹುಲ್ಲು ಮೆದೆ ಸೇರಿರುತ್ತದೆ. ಮಿಶ್ರತಳಿ ಹಸುವಿಗೆ ಇಷ್ಟೇ ಸಾಲದು. ರಾಗಿ ಹುಲ್ಲು, ಹಾಲಿಗೆ ತಕ್ಕ ಪಶು ಆಹಾರ ಮತ್ತು ಖನಿಜ ಮಿಶ್ರಣ ಕೊಡಲೇಬೇಕು.

ಚಾಂಪಿಯನ್ ರೀಫ್ಸ್ ಸುತ್ತಮುತ್ತ ಹಸು ಸಾಕುವವರಿಗೆ ಒಂದು ಮಾತು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಆದರೆ ಸೈನೈಡ್ ದಿಬ್ಬಗಳು ಉಳಿದಿವೆ. ಬಯಲಿನಲ್ಲಿ ಹುಲ್ಲು ಮುಗಿದಾಗ ದನಗಳು ಹೊಟ್ಟೆಪಾಡಿಗೆ ದಿಬ್ಬದ ಬುಡಕ್ಕೆ ಹೋಗುತ್ತವೆ. ಅಲ್ಲಿನ ಹುಲ್ಲಿನ ಮೇಲೆ ಗಣಿ ಧೂಳು ಕೂತಿರುತ್ತದೆ. ಅಲ್ಲಿ ಮೇಯಿಸಬೇಡಿ, ಬುಡದಲ್ಲಿ ನಿಂತ ನೀರನ್ನು ಕುಡಿಸಬೇಡಿ. ಜಮೀನಿಲ್ಲದವರು ಮೂರು ನಾಲ್ಕು ಜನ ಸೇರಿ ಹತ್ತಿರದ ತೋಪಿನ ಮಾಲೀಕರೊಡನೆ ಮಾತನಾಡಿ, ಹುಲ್ಲು ಕೊಯ್ದು ತರುವ ಏರ್ಪಾಡು ಮಾಡಿಕೊಳ್ಳಿ. ಸೊಪ್ಪು ಬಿದ್ದ ಗೊಬ್ಬರವನ್ನು ಅವರ ತೋಪಿಗೆ ಕೊಟ್ಟರೆ ಅವರಿಗೂ ಲಾಭ.

ಹಾಗೆಯೇ, ಜೋಳ ಕೊಯ್ದ ಹೊಲದ ಕೂಳೆ ಚಿಗುರಿಗೆ ದನ ಬಿಡಬೇಡಿ. ಎಳೆ ಜೋಳದಲ್ಲೂ ಸೈನೈಡ್ ವಿಷವಿರುತ್ತದೆ. ಮೇದ ಹಸು ಏದುಸಿರು ಬಿಟ್ಟು ತೂರಾಡಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುತ್ತಾರೆ ಹಿರಿಯರು. ಹುಲ್ಲಿನ ವಿಷಯದಲ್ಲಿ ಆ ಗಾಳಿ ಉತ್ತರೆ ಮಳೆ. ಈ ಸಲ ಅರ್ಧ ಎಕರೆ ಮುಚ್ಚಿ ನೋಡಿ, ಡಿಸೆಂಬರಿನಲ್ಲಿ ನಿಮ್ಮ ಹಾಲಿನ ಪುಸ್ತಕವನ್ನು ಹಿಂದಿನ ವರ್ಷದ್ದರ ಜೊತೆ ಹೋಲಿಸಿ. ಮೇವಿನ ಬೀಜದ ಬಗ್ಗೆ ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ.