ಕಾಯಿಲೆಯ ರಜೆಯೂ ವೈದ್ಯರ ಪತ್ರವೂ: ನಂಬಿಕೆ ಮತ್ತು ನಿಜಸ್ಥಿತಿ

ಶಿವಮೊಗ್ಗೆಯಿಂದ ಭದ್ರಾವತಿಗೆ ಸಾಗುವ ಹೆದ್ದಾರಿಯ ಒಂದು ತುದಿಯಲ್ಲಿ ಸರ್ಕಾರಿ ಕಚೇರಿಗಳ ಗುಮಾಸ್ತರೂ ಗಾಂಧಿ ಬಜಾರಿನ ಅಂಗಡಿಗಳ ನೌಕರರೂ, ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಹೊಲಿಗೆಯಂತ್ರಗಳ ಮುಂದೆ ಕುಳಿತ ಹೆಣ್ಣುಮಕ್ಕಳೂ, ಮತ್ತೊಂದು ತುದಿಯಲ್ಲಿ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರೂ ದುಡಿದು ಜೀವಿಸುತ್ತಿದ್ದು, ಇವರೆಲ್ಲರ ನಡುವೆ ಬೇರೂರಿರುವ ನಂಬಿಕೆ ಮಾತ್ರ ಒಂದೇ: ಡಾಕ್ಟರ ಸರ್ಟಿಫಿಕೇಟು ತಂದುಕೊಟ್ಟರೆ ಸಾಕು, ಸಿಕ್ ಲೀವ್ ಸಿಕ್ಕೇ ಸಿಗುತ್ತದೆ. ಜ್ವರ ಒಂದೇ ಆದರೂ ಜ್ವರಪೀಡಿತನ ರಜೆಯನ್ನು ನಿರ್ಣಯಿಸುವ ಶಾಸನ ಒಂದೇ ಆಗಿಲ್ಲವೆಂಬುದನ್ನೂ, ವೈದ್ಯರ ಪತ್ರವು ಎಲ್ಲೆಡೆಯೂ ಕೇವಲ ಒಂದು ಸಾಕ್ಷ್ಯವೆಂಬುದನ್ನೂ, ಆ ಸಾಕ್ಷ್ಯವನ್ನು ತೂಗಿನೋಡುವ ಕ್ರಮ ಉದ್ಯೋಗದಿಂದ ಉದ್ಯೋಗಕ್ಕೆ ಬೇರೆಯಾಗುವುದೆಂಬುದನ್ನೂ ಅರಿಯದೆ ಕೂಲಿ ಕಳೆದುಕೊಳ್ಳುವವರು ಬಹುಮಟ್ಟಿಗೆ ಬಡವರೇ ಆದುದರಿಂದ, ಈ ವಿಷಯವನ್ನು ಕೂಲಂಕಷವಾಗಿ ವಿಚಾರಿಸುವುದು ಅವಶ್ಯವೆಂದು ನಾನು ಭಾವಿಸಿದ್ದೇನೆ.

ಮೊದಲು ಸರ್ಕಾರಿ ನೌಕರನ ಸಂಗತಿ. ಕರ್ನಾಟಕ ನಾಗರಿಕ ಸೇವಾ ನಿಯಮಗಳು ಆತನ ಖಾತೆಗೆ ವರ್ಷಕ್ಕೆ 20 ದಿನಗಳ ಅರ್ಧವೇತನ ರಜೆಯನ್ನು ಜಮೆ ಮಾಡುತ್ತವೆ. ಈ ರಜೆ ಕಾಯಿಲೆಗೆ ಮಾತ್ರ ಮೀಸಲೆಂದು ತಿಳಿದವರು ಬಹಳ ಮಂದಿ. ವಾಸ್ತವವಾಗಿ ಸ್ವಂತ ಕಾರ್ಯಕ್ಕಾಗಿಯೂ ಅದನ್ನು ಪಡೆಯಬಹುದು, ಆಗ ವೈದ್ಯರ ಪತ್ರ ಬೇಕಾಗುವುದಿಲ್ಲ. ಪತ್ರದ ಪ್ರಸಂಗ ಬರುವುದು ಅದೇ ರಜೆಯನ್ನು ಪೂರ್ಣವೇತನದ ಪರಿವರ್ತಿತ ರಜೆಯಾಗಿ ಮಾರ್ಪಡಿಸಿಕೊಳ್ಳಬೇಕೆಂದಾಗ. ಹಾಗೆ ಮಾರ್ಪಡಿಸಿದಲ್ಲಿ 10 ದಿನಗಳ ವಿಶ್ರಾಂತಿಗೆ 20 ದಿನಗಳು ಖಾತೆಯಿಂದ ಕಳೆದುಹೋಗುತ್ತವೆ. ಇಲ್ಲಿಯೂ ಪತ್ರವನ್ನು ಪಡೆದ ಮಾತ್ರಕ್ಕೆ ರಜೆಯ ಹಕ್ಕು ಪ್ರಾಪ್ತವಾಗುವುದಿಲ್ಲವೆಂಬುದು ನಿಯಮ. ಪತ್ರವನ್ನು ಸಲ್ಲಿಸಿ, ಮಂಜೂರು ಮಾಡುವ ಅಧಿಕಾರಿಯ ಆಜ್ಞೆಗಾಗಿ ಕಾಯತಕ್ಕದ್ದು. ಅಧಿಕಾರಿಗೆ ಸಂದೇಹ ಬಂದರೆ ಹಿರಿಯ ಸರ್ಕಾರಿ ವೈದ್ಯಾಧಿಕಾರಿಯಿಂದ ಎರಡನೆಯ ಅಭಿಪ್ರಾಯವನ್ನು ಪಡೆಯುವ ದಾರಿಯುಂಟು. ತನ್ನ ವೈಯಕ್ತಿಕ ಅನುಮಾನವನ್ನೇ ವೈದ್ಯಶಾಸ್ತ್ರವೆಂದು ಭಾವಿಸಿ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿ ಆ ದಾರಿಯನ್ನು ಬಿಟ್ಟು ನಡೆದವನೆಂದೇ ನನ್ನ ಅಭಿಪ್ರಾಯ.

ಗಾಂಧಿ ಬಜಾರಿನ ಬಟ್ಟೆಯಂಗಡಿಯಲ್ಲಿಯೋ ನೆಹರೂ ರಸ್ತೆಯ ಔಷಧದಂಗಡಿಯಲ್ಲಿಯೋ ದುಡಿಯುವ ಯುವಕನ ಸ್ಥಿತಿ ಇದಕ್ಕಿಂತ ಭಿನ್ನ. ಕಾಯಿಲೆಯ ರಜೆ ಎಂಬುದು ಸರ್ಕಾರಿ ನೌಕರರ ಭಾಗ್ಯ, ಅಂಗಡಿಯವನಿಗೆ ಬಾರದ ದಿನ ಸಂಬಳವಿಲ್ಲ ಎಂದು ಮಾಲೀಕರೂ ನೌಕರರೂ ಒಮ್ಮತದಿಂದ ನಂಬಿಕೊಂಡಿದ್ದಾರೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವಾದರೋ, ದುಡಿದ ದಿನಗಳ ಲೆಕ್ಕದಲ್ಲಿ ಸಂಪಾದಿಸುವ ವಾರ್ಷಿಕ ರಜೆಯ ಹೊರತಾಗಿ, ಕಾಯಿಲೆ, ಅಪಘಾತ ಅಥವಾ ಬೇರೆ ಯುಕ್ತ ಕಾರಣಕ್ಕಾಗಿ ವರ್ಷಕ್ಕೆ 12 ದಿನಗಳನ್ನು ಮೀರದಂತೆ ವೇತನಸಹಿತ ರಜೆಯನ್ನು, ಸೇವೆಯ ಮೊದಲ ವರ್ಷದಿಂದಲೇ, ಆತನಿಗೆ ವಿಧಿಸಿದೆ. ಒಂದು ದಿನದ ಜ್ವರಕ್ಕೂ ಸರ್ಟಿಫಿಕೇಟು ಕಡ್ಡಾಯವೆನ್ನುವವರೂ, ಮೂರು ದಿನಗಳವರೆಗೆ ಅದು ಬೇಡವೇ ಬೇಡವೆನ್ನುವವರೂ ತಮ್ಮ ಮಾತಿಗೆ ಕಾನೂನನ್ನು ಸಾಕ್ಷಿ ಕರೆಯುವುದುಂಟು. ಆದರೆ ಆ ಉಪಬಂಧದ ಮಾತುಗಳಲ್ಲಿ ವೈದ್ಯರ ಪತ್ರದ ಪ್ರಸ್ತಾಪವಾಗಲಿ ದಿನಗಳ ಇಂಥ ಗಡಿಯಾಗಲಿ ಕಾಣುವುದಿಲ್ಲ. ಎರಡು ದಿನ ಮೀರಿದರೆ ಪತ್ರ ಬೇಕು ಎಂಬಂಥ ಕಟ್ಟಳೆಗಳು ಆಯಾ ಸಂಸ್ಥೆಗಳು ತಾವಾಗಿ ಮಾಡಿಕೊಂಡವು. ನೇಮಕಾತಿ ಪತ್ರದಲ್ಲೋ ಸಂಸ್ಥೆಯ ರಜಾ ನಿಯಮಗಳಲ್ಲೋ ಅವನ್ನು ಹುಡುಕಬೇಕು.

ಅತ್ಯಂತ ಹೆಚ್ಚು ಭ್ರಾಂತಿಗಳು ನೆಲೆಸಿರುವುದು ಇ.ಎಸ್.ಐ. ಎಂಬ ನೌಕರರ ರಾಜ್ಯ ವಿಮಾ ಯೋಜನೆಯ ವಿಷಯದಲ್ಲಿ. ಇದರ ಮೂಲ 1948ರ ಕಾಯಿದೆ. 1952ರ ಫೆಬ್ರವರಿ 24ರಂದು ಕಾನಪುರದಲ್ಲಿಯೂ ದೆಹಲಿಯಲ್ಲಿಯೂ ಯೋಜನೆ ಆರಂಭವಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಈಗ ಆ ಕಾಯಿದೆಯ ಸ್ಥಾನದಲ್ಲಿ ನಿಂತಿದೆ. ತಿಂಗಳಿಗೆ 21,000 ರೂಪಾಯಿಗಳವರೆಗೆ ವೇತನ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. ತನ್ನ ವೇತನದಿಂದ ನೂರಕ್ಕೆ 0.75ರಷ್ಟು ವಂತಿಗೆ ಕಡಿತವಾಗುವುದನ್ನು ಪ್ರತಿ ತಿಂಗಳೂ ಕಾಣುವ ಕಾರ್ಮಿಕಳು, ಮಾಲೀಕನು ಅದಕ್ಕೆ 3.25ರಷ್ಟನ್ನು ಕೂಡಿಸಬೇಕಾದುದನ್ನೂ, ಆ ಹಣದಿಂದ ತನಗೆ ಔಷಧವಷ್ಟೇ ಅಲ್ಲದೆ ಕಾಯಿಲೆಯ ದಿನಗಳಿಗೆ ನಗದು ಪರಿಹಾರವೂ ಸಲ್ಲುವುದೆಂಬುದನ್ನೂ ಬಹುವೇಳೆ ತಿಳಿದಿರುವುದಿಲ್ಲ; ತಿಳಿದವರೂ ಅದನ್ನು ಪೂರ್ಣ ಸಂಬಳವೆಂದೂ ಮೊದಲ ದಿನದಿಂದಲೇ ಬರುವುದೆಂದೂ ಎಣಿಸುತ್ತಾರೆ. ದೊರೆಯುವುದು ಸರಾಸರಿ ದಿನಗೂಲಿಯ ನೂರಕ್ಕೆ 70 ಭಾಗ, ಒಂದರ ಮೇಲೊಂದು ಬರುವ ಎರಡು ಅರ್ಧವರ್ಷದ ಅವಧಿಗಳಲ್ಲಿ ಒಟ್ಟು 91 ದಿನಗಳವರೆಗೆ. ಕಾಯಿಲೆಯ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಏನೂ ಇಲ್ಲ. ಸಂಬಂಧಪಟ್ಟ ಆರು ತಿಂಗಳ ವಂತಿಗೆಯ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕೆಂಬುದು ಇನ್ನೊಂದು ಷರತ್ತು. ಕ್ಷಯವೇ ಮೊದಲಾದ ದೀರ್ಘವ್ಯಾಧಿಗಳಿಗೆ ಮಾತ್ರ ಈ ಪ್ರಮಾಣವು ನೂರಕ್ಕೆ 80 ಆಗಿ, ಅವಧಿಯೂ ವಿಸ್ತರಿಸುತ್ತದೆ.

ಈ ಹಣಕ್ಕೆ ಬೇಕಾದ ಪತ್ರವು ಯಾವ ವೈದ್ಯರಿಂದ ಬಂದರೂ ಆದೀತೆಂಬ ನಂಬಿಕೆಯೇ ಇಲ್ಲಿ ಹೆಚ್ಚು ನಷ್ಟವನ್ನುಂಟುಮಾಡುತ್ತದೆ. ಮನೆಯ ಹತ್ತಿರದ ಖಾಸಗಿ ದವಾಖಾನೆಯಲ್ಲಿ ಐದು ದಿನ ಚಿಕಿತ್ಸೆ ಪಡೆದು, ಆ ವೈದ್ಯರ ಚೀಟಿಯನ್ನು ಕಾರ್ಖಾನೆಗೆ ಕೊಟ್ಟು, ಹಣ ಬರುವುದೆಂದು ಕಾದು ನಿರಾಶರಾದವರನ್ನು ನಾನು ಬಲ್ಲೆ. ಯೋಜನೆಯ ನಿಬಂಧನೆಗಳಂತೆ ಪ್ರಮಾಣಪತ್ರವನ್ನು ಇ.ಎಸ್.ಐ. ವಿಮಾ ವೈದ್ಯಾಧಿಕಾರಿಯೇ ಕೊಡತಕ್ಕದ್ದು. ಅಂಥ ಚಿಕಿತ್ಸೆಯ ವ್ಯವಸ್ಥೆಯಿಲ್ಲದ ಸ್ಥಳಗಳಲ್ಲಿ, ಅಥವಾ ಸಂದರ್ಭವು ಸಮರ್ಥಿಸುವುದೆಂದು ಯೋಜನೆಯನ್ನು ನಡೆಸುವ ಇ.ಎಸ್.ಐ. ನಿಗಮಕ್ಕೆ ತೋರಿದಲ್ಲಿ, ಸರ್ಕಾರಿ ವೈದ್ಯಾಧಿಕಾರಿಯ ಅಥವಾ ನೋಂದಾಯಿತ ಖಾಸಗಿ ವೈದ್ಯರ ಪತ್ರವನ್ನು ಅಂಗೀಕರಿಸಲು ಅವಕಾಶವಿದೆಯಾದರೂ, ಆ ಅಂಗೀಕಾರ ನಿಗಮದ ವಿವೇಚನೆಗೆ ಸೇರಿದ್ದು. ಆದುದರಿಂದ ರಾತ್ರಿಯ ವೇಳೆ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕಾಗಿ ಬಂದರೂ, ಚೇತರಿಸಿದೊಡನೆ ಇ.ಎಸ್.ಐ. ಚಿಕಿತ್ಸಾಲಯಕ್ಕೆ ಕಾಗದಗಳೊಂದಿಗೆ ಹೋಗಿ ವರದಿ ಮಾಡಿಕೊಳ್ಳುವುದು ಹಿತಕರ. ಸರ್ಟಿಫಿಕೇಟು ಕೈಗೆ ಬಂದೊಡನೆ ತವರಿಗೆ ಹೋಗಿ ತಾಯಿಯ ಆರೈಕೆಯಲ್ಲಿ ಮಲಗಬಹುದೆಂದು ಶಿಕಾರಿಪುರದ ಕಡೆಯ ಹುಡುಗಿ ಆಲೋಚಿಸಿದರೆ ಅದು ಸಹಜವೇ. ಆದರೆ ಪರಿಹಾರ ಪಡೆಯುತ್ತಿರುವವರು ಚಿಕಿತ್ಸೆಯಲ್ಲಿಯೇ ಮುಂದುವರಿಯಬೇಕೆಂದೂ, ವೈದ್ಯಾಧಿಕಾರಿಯ ಅನುಮತಿಯಿಲ್ಲದೆ ಆ ಪ್ರದೇಶವನ್ನು ಬಿಟ್ಟು ಹೋಗಕೂಡದೆಂದೂ 1948ರ ಕಾಯಿದೆಯೇ ವಿಧಿಸಿತ್ತು. ಅನುಮತಿ ಕೇಳುವುದು ಕಷ್ಟದ ಕೆಲಸವಲ್ಲ, ಕೇಳಬೇಕೆಂಬುದು ತಿಳಿದಿರಬೇಕಷ್ಟೆ.

ಮಲೆನಾಡಿನ ಸೆರಗಿನಲ್ಲಿರುವ ಈ ಊರುಗಳಲ್ಲಿ ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಒಮ್ಮೆ ಗುಣವಾಗಿ ಕೆಲಸಕ್ಕೆ ಮರಳಿದವನು ಹತ್ತು ದಿನಗಳಲ್ಲಿಯೇ ಮತ್ತೆ ಮಲಗಿದರೆ ಅದು ನಟನೆಯೆಂದು ಮೇಲ್ವಿಚಾರಕರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾಗಿ ಆ ಹಳ್ಳಿಯ ಹೆಸರಿನಿಂದಲೇ ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿದ ಮಂಗನ ಕಾಯಿಲೆಯ ಸ್ವಭಾವವನ್ನು ಬಲ್ಲವರು ಹಾಗೆ ಆಡಲಾರರು. ಕಾಡಿನ ಉಣ್ಣೆಗಳು ಕಚ್ಚುವುದರಿಂದ ಹರಡುವ ಈ ಜ್ವರ ಕೆಲವು ರೋಗಿಗಳಲ್ಲಿ ಮೊದಲು ಇಳಿದು, ಒಂದೆರಡು ವಾರ ನೆಮ್ಮದಿಯಿತ್ತು, ಬಳಿಕ ತೀವ್ರವಾದ ತಲೆನೋವು, ನಡುಕ, ಮನಸ್ಸಿನ ವಿಭ್ರಮೆಗಳೊಡನೆ ಮರಳಿ ಬರುತ್ತದೆ. ಮೊದಲ ಹಂತದ ಬಳಿಕ ಯೋಗ್ಯನೆಂದು ಬರೆದುಕೊಟ್ಟ ವೈದ್ಯರೂ ಸತ್ಯವನ್ನೇ ಬರೆದಿದ್ದಾರೆ, ಎರಡನೆಯ ಬಾರಿ ಅಯೋಗ್ಯನೆಂದು ಬರೆದವರೂ ಸತ್ಯವನ್ನೇ ಬರೆದಿದ್ದಾರೆ. ವಾರಕ್ಕೊಮ್ಮೆ ಊರಿಗೆ ಹೋಗಿ ಕಾಡಂಚಿನ ತೋಟದಲ್ಲಿ ಕೈಯಾಡಿಸಿ ಬರುವ ಕಾರ್ಖಾನೆಯ ಕೆಲಸಗಾರನಿಗೆ ಈ ರೋಗ ತಗಲುವುದು ಅಸಂಭವವೇನಲ್ಲ. ಇ.ಎಸ್.ಐ. ನಿಯಮವೂ ಮರುಕಳಿಸುವ ಕಾಯಿಲೆಯನ್ನು ಮರೆತಿಲ್ಲ: ಹಿಂದಿನ ಪರಿಹಾರದ ಅವಧಿ ಮುಗಿದು 15 ದಿನಗಳೊಳಗೆ ಮತ್ತೆ ಕಾಯಿಲೆ ಬಿದ್ದರೆ, ಮೊದಲ ಎರಡು ದಿನಗಳನ್ನು ಕಳೆಯುವ ನಿಬಂಧನೆ ಅನ್ವಯಿಸುವುದಿಲ್ಲ.

ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮೊಹರಿಲ್ಲದ ಪತ್ರಕ್ಕೆ ಬೆಲೆಯಿಲ್ಲವೆಂದು ಶಿವಮೊಗ್ಗೆಯಲ್ಲಿ ಕೇಳಿಬರುವ ಮಾತಿಗೆ ಸಾರ್ವತ್ರಿಕ ಆಧಾರವಿಲ್ಲ. ನಿರ್ದಿಷ್ಟ ನಿಯಮವು ಸರ್ಕಾರಿ ವೈದ್ಯರನ್ನೋ ವಿಮಾ ವೈದ್ಯರನ್ನೋ ಹೆಸರಿಸದ ಕಡೆಗಳಲ್ಲಿ ನೋಂದಾಯಿತ ವೈದ್ಯರೆಲ್ಲರ ಪತ್ರವೂ ಪತ್ರವೇ. ಆಯುರ್ವೇದ ವೈದ್ಯರ ಸಹಿ ನಡೆಯದೆಂಬುದೂ ಅದೇ ಜಾತಿಯ ಮಾತು. ನೋಂದಾಯಿತ ಭಾರತೀಯ ಪದ್ಧತಿಯ ವೈದ್ಯರಿಗೆ ಪ್ರಮಾಣಪತ್ರಗಳಿಗೆ ಸಹಿ ಮಾಡುವ ಅಧಿಕಾರವನ್ನು 2020ರ ರಾಷ್ಟ್ರೀಯ ಕಾಯಿದೆಯೂ ಮಾನ್ಯಮಾಡಿದೆ.

ಸಹಿ ಯಾರದ್ದೆಂಬುದಕ್ಕಿಂತ ಅದರ ಮೇಲೆ ಏನು ಬರೆದಿದೆಯೆಂಬುದೇ ಗುರುತರವಾದುದು. ವೈದ್ಯರ ವೃತ್ತಿನಡವಳಿಕೆಯ 2002ರ ನಿಯಮಗಳಂತೆ, ಕೊಟ್ಟ ಪ್ರಮಾಣಪತ್ರಗಳಿಗೆಲ್ಲ ವೈದ್ಯರು ಒಂದು ದಾಖಲೆಪುಸ್ತಕವನ್ನಿಡಬೇಕು, ರೋಗಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು, ವಿಳಾಸ, ಮೈಮೇಲಿನ ಒಂದಾದರೂ ಗುರುತಿನ ಚಿಹ್ನೆಯನ್ನು ಬರೆದುಕೊಳ್ಳಬೇಕು, ಪ್ರತಿಯೊಂದನ್ನು ತಮ್ಮಲ್ಲಿ ಉಳಿಸಿಕೊಳ್ಳಬೇಕು. ಎಡಗೆನ್ನೆಯ ಮಚ್ಚೆಯನ್ನು ಕೇಳುವ ವೈದ್ಯರು ವೃಥಾ ಕಾಲಹರಣ ಮಾಡುತ್ತಿಲ್ಲ; ಆ ಪತ್ರ ಇನ್ನೊಬ್ಬರ ಹೆಸರಿನಲ್ಲಿ ಬಳಕೆಯಾಗದಂತೆ ಕಾಯುತ್ತಿದ್ದಾರೆ. ಹಿಂದಿನ ತಾರೀಖು ಹಾಕಿಸಿಕೊಳ್ಳುವುದು ಒಂದು ಸಣ್ಣ ಉಪಕಾರವೆಂಬ ಭಾವನೆ ನಮ್ಮಲ್ಲಿ ಎಷ್ಟು ಸಹಜವಾಗಿ ಹೋಗಿದೆಯೆಂದರೆ, ನಿರಾಕರಿಸುವ ವೈದ್ಯರೇ ನಿಷ್ಠುರರೆನಿಸಿಕೊಳ್ಳುತ್ತಾರೆ. ಇಂದು ಪರೀಕ್ಷಿಸಿದ ವೈದ್ಯರು, ಮೂರು ದಿನಗಳಿಂದ ಜ್ವರವಿತ್ತೆಂದು ರೋಗಿ ಹೇಳಿದ್ದಾಗಿ ಬರೆಯಬಹುದು. ಮೂರು ದಿನಗಳ ಹಿಂದೆಯೇ ತಾವು ಕಂಡಂತೆ ಬರೆಯಲಾಗದು. ಸುಳ್ಳು ಪತ್ರಕ್ಕೆ ಸಹಿ ಮಾಡಿದ ವೈದ್ಯರ ಹೆಸರು ನೋಂದಣಿಯಿಂದಲೇ ಅಳಿಸಿಹೋಗಬಹುದು. ಕಾನೂನು ಅಪೇಕ್ಷಿಸುವ ಪ್ರಮಾಣಪತ್ರವಾದರೆ ಅದನ್ನು ಕೊಟ್ಟವರೂ, ಸುಳ್ಳೆಂದು ಅರಿತು ಬಳಸಿದವರೂ ಭಾರತೀಯ ನ್ಯಾಯ ಸಂಹಿತೆಯ 234 ಮತ್ತು 235ನೆಯ ಕಲಮುಗಳಡಿ ಅಪರಾಧಿಗಳಾಗುವರು.

ರೋಗದ ಹೆಸರನ್ನು ಬರೆಯಬೇಕೇ ಎಂಬ ಪ್ರಶ್ನೆಯುಂಟು. ಅದೇ 2002ರ ನಿಯಮಗಳು ಸೂಚಿಸುವ ನಮೂನೆಯಲ್ಲಿ ಕಾಯಿಲೆಯ ಸ್ವರೂಪಕ್ಕೂ ವಿಶ್ರಾಂತಿಯ ಅವಧಿಗೂ ಸ್ಥಳವಿದೆ. ಆದರೆ ಇಷ್ಟರಿಂದಲೇ ಮಾಲೀಕನು ವೈದ್ಯರಿಗೆ ದೂರವಾಣಿ ಮಾಡಿ ರೋಗಿಯ ಪೂರ್ವಾಪರವನ್ನೆಲ್ಲ ವಿಚಾರಿಸಬಹುದೆಂದು ತಿಳಿಯುವುದು ತಪ್ಪು. ಪತ್ರ ತಮ್ಮದೇ ಎಂದು ವೈದ್ಯರು ದೃಢಪಡಿಸಬಹುದು. ಅದಕ್ಕಿಂತ ಹೆಚ್ಚಿನ ಗುಟ್ಟನ್ನು ನ್ಯಾಯಾಲಯದ ಆಜ್ಞೆ, ಇತರರಿಗೆ ಗಂಭೀರ ಅಪಾಯ, ಅಥವಾ ವರದಿ ಮಾಡಲೇಬೇಕಾದ ರೋಗಗಳಂಥ ಕಾರಣಗಳಿಲ್ಲದೆ ಹೊರಗೆಡಹುವಂತಿಲ್ಲ. ಎಚ್.ಐ.ವಿ. ಕುರಿತಾಗಿ 2017ರ ಪ್ರತ್ಯೇಕ ಕಾಯಿದೆಯೇ ಈ ರಕ್ಷಣೆಯನ್ನು ಇನ್ನಷ್ಟು ಬಿಗಿಮಾಡಿದೆ.

ಕೊನೆಗೆ, ಭದ್ರಾವತಿಯ ಕಡೆ ಕಾರ್ಮಿಕರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ಭಯ. 1923ರಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ಕಾರ್ಖಾನೆಯೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಬೆಳೆಸಿದ ಈ ಊರಿನಲ್ಲಿ, ಒಂದು ಯಂತ್ರಾಲಯ ಮೌನವಾಗಿ ಇನ್ನೊಂದರ ಭವಿಷ್ಯ ಅನಿಶ್ಚಿತವಾಗಿರುವ ಇಂದಿನ ದಿನಗಳಲ್ಲಿ, ಎಂಟು ದಿನ ಬಾರದಿದ್ದರೆ ಹೆಸರು ತಾನಾಗಿ ಹೊಡೆದುಹೋಗುವುದೆಂಬ ಮಾತು ಗುತ್ತಿಗೆದಾರರ ಬಾಯಿಂದ ಬಂದಾಗ ಅದನ್ನು ಪ್ರಶ್ನಿಸುವ ಧೈರ್ಯ ಕೆಲವರಿಗೇ ಇರುವುದು. ಸ್ಥಾಯೀ ಆದೇಶಗಳಲ್ಲಿ ಎಂಟು ದಿನಗಳ ಅಂಥ ವಾಕ್ಯ ಇರುವುದುಂಟು. ಆದರೆ ಅದರ ಬಲದಿಂದ, ವಿಚಾರಣೆ ನಡೆಸದೆ, ತನ್ನ ಮಾತನ್ನು ಹೇಳಿಕೊಳ್ಳಲು ಅವಕಾಶ ಕೊಡದೆ ಕೆಲಸಗಾರನನ್ನು ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಗೈರುಹಾಜರಿಯು ಉದ್ದೇಶಪೂರ್ವಕವಾಗಿದ್ದರೆ ಮಾತ್ರ ಅದು ದುರ್ನಡತೆಯಾಗುವುದೆಂದು 2012ರ ಮತ್ತೊಂದು ತೀರ್ಪಿನಲ್ಲಿ ಹೇಳಿದೆ. ಇ.ಎಸ್.ಐ. ಕಾಯಿದೆಯಂತೂ ಕಾಯಿಲೆಯ ಪರಿಹಾರ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ವಜಾ ಮಾಡುವುದನ್ನೂ ದಂಡಿಸುವುದನ್ನೂ 73ನೆಯ ಕಲಮಿನಿಂದ ನಿಷೇಧಿಸಿತ್ತು. ಈ ರಕ್ಷಣೆ ಫಲಿಸಬೇಕಾದರೆ ಕಾಯಿಲೆಯ ಸುದ್ದಿ ಮಾಲೀಕನಿಗೆ ಮುಟ್ಟಿತ್ತೆಂಬುದಕ್ಕೆ ಆಧಾರ ಬೇಕು. ಆದುದರಿಂದ ಹಾಸಿಗೆಯಿಂದೇಳಲಾರದವನು ಮನೆಯವರ ಕೈಯಲ್ಲಾದರೂ ಮೊದಲ ಪತ್ರವನ್ನು ಕಳುಹಿಸಿ, ಅದರ ನಕಲಿನ ಮೇಲೆ ತಾರೀಖಿನೊಡನೆ ಸ್ವೀಕೃತಿಯ ಸಹಿ ಪಡೆದಿಟ್ಟುಕೊಳ್ಳತಕ್ಕದ್ದು. ಸಹಿ ಹಾಕಲು ಒಪ್ಪದಿದ್ದಲ್ಲಿ ಅದೇ ದಿನ ಅಂಚೆಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ರಸೀದಿಯನ್ನು ಜೋಪಾನವಾಗಿಡತಕ್ಕದ್ದು.